ಅಲಗಿನ ಬೆನ್ನು: ಕತ್ತಿಯ ದಪ್ಪವನ್ನು ಕುರಿತು ಒಂದು ತಿದ್ದುಪಡಿ

ಎರಡು ವರ್ಷಗಳ ಹಿಂದೆ ಇದೇ ತ್ರೈಮಾಸಿಕದಲ್ಲಿ ಕನ್ನಡ ನಾಡಿನ ಕಿರುಗತ್ತಿಗಳನ್ನು ಕುರಿತು ಲೇಖನವೊಂದನ್ನು ಬರೆದಿದ್ದೆನು. ಹೆಸರುಗಳು, ಹಿಡಿಯ ಆಕಾರಗಳು, ಒರೆಯ ಮೇಲಿನ ಬೆಳ್ಳಿಯ ಕೆಲಸ ಇವುಗಳನ್ನು ಅದರಲ್ಲಿ ವಿಸ್ತಾರವಾಗಿ ವಿಚಾರಿಸಿ, ಅಲಗಿನ ದಪ್ಪದ ವಿಷಯಕ್ಕೆ ಬಂದಾಗ ಮಾತ್ರ ‘ಬೆನ್ನು ದಪ್ಪವಾಗಿರುವ ಕತ್ತಿ ಯುದ್ಧದ್ದು, ತೆಳುವಾಗಿರುವುದು ಬೇಸಾಯದ್ದು’ ಎಂದು ಒಂದೇ ವಾಕ್ಯದಲ್ಲಿ ತೀರ್ಪು ಕೊಟ್ಟು ಮುಂದೆ ಸಾಗಿದ್ದೆನು. ಲೇಖನವು ಪ್ರಕಟವಾದ ಕೆಲವು ದಿನಗಳಲ್ಲಿಯೇ ಮಾಟುಂಗಾದಲ್ಲಿ ನೆಲೆಸಿರುವ, ಯಂತ್ರಶಿಲ್ಪಿಯಾಗಿದ್ದು ನಿವೃತ್ತರಾದ ಹಿರಿಯ ವಾಚಕರೊಬ್ಬರಿಂದ ಒಂದು ಕಾಗದ ಬಂದಿತು. ಅದರಲ್ಲಿ ಹೊಗಳಿಕೆಯ ನಾಲ್ಕು ಸಾಲುಗಳಾದ ಮೇಲೆ ಒಂದೇ ಒಂದು ಪ್ರಶ್ನೆಯಿತ್ತು: ‘ದಪ್ಪದ ಮಾತನ್ನು ತಾವು ಅಳೆದು ಬರೆದಿರೋ, ನೋಡಿ ಬರೆದಿರೋ?’

ಅಳೆದಿರಲಿಲ್ಲ. ನೋಡಿ ಬರೆದೆನೆಂದು ಹೇಳುವುದಕ್ಕೂ ಇಂದು ನಾಚಿಕೆಯಾಗುತ್ತದೆ. ವಸ್ತುಸಂಗ್ರಹಾಲಯಗಳಲ್ಲಿ ಕತ್ತಿಯನ್ನು ಗಾಜಿನ ಹಿಂದೆ ಮಗ್ಗುಲಾಗಿ ಮಲಗಿಸಿರುವರು; ಅಗಲವೂ ಉದ್ದವೂ ಕಾಣುವುವು, ಬೆನ್ನು ಕಾಣದು. ಆ ಕಾಗದವನ್ನು ಓದಿದಂದಿನಿಂದ ಈ ವಿಷಯವನ್ನು ಬಿಡುವಾದಾಗಲೆಲ್ಲ ಬೆನ್ನಟ್ಟುತ್ತ ಬಂದಿದ್ದೇನೆ. ಅದರ ಫಲವಾಗಿ ನನ್ನ ಹಿಂದಿನ ವಾಕ್ಯವನ್ನು ಹಿಂದಕ್ಕೆ ತೆಗೆದುಕೊಳ್ಳಬೇಕಾಗಿ ಬಂದಿದೆ. ಅದೇಕೆಂಬುದನ್ನು ನಿವೇದಿಸುವುದೇ ಈ ಲೇಖನದ ಉದ್ದೇಶ.

ನಮ್ಮ ಆಧಾರಸಾಮಗ್ರಿಯು ಈ ವಿಷಯದಲ್ಲಿ ಎಷ್ಟು ಮೌನವಾಗಿದೆ ಎಂಬುದನ್ನು ಮೊದಲು ಗಮನಿಸಬೇಕು. ಕನ್ನಡ ನಾಡಿನ ಆಯುಧಗಳ ಇತಿಹಾಸಕ್ಕೆ ವೀರಗಲ್ಲುಗಳಷ್ಟು ದೊಡ್ಡ ಭಂಡಾರ ಮತ್ತೊಂದಿಲ್ಲ. ತುರು ಕಾಯ್ದು ಮಡಿದವನ ಕೈಯಲ್ಲಿ, ಊರಳಿವಿನಲ್ಲಿ ಸತ್ತವನ ಸೊಂಟದಲ್ಲಿ ಬಗೆಬಗೆಯ ಕತ್ತಿ ಸುರಗಿಗಳನ್ನು ರೂವಾರಿಯು ಕಂಡರಿಸಿದ್ದಾನೆ. ಆದರೆ ಉಬ್ಬುಶಿಲ್ಪದ ಧರ್ಮವೇ ಅಂತಹುದು. ಅದರಲ್ಲಿ ಅಲಗಿನ ಹೊರಗೆರೆ ಮಾತ್ರ ಸಿಕ್ಕುವುದು. ಕಲ್ಲಿನಲ್ಲಿ ಕತ್ತಿಯ ದಪ್ಪವು ಉಬ್ಬಿನ ದಪ್ಪವೇ ಹೊರತು ಉಕ್ಕಿನದಲ್ಲ. ಇನ್ನು ಪುಸ್ತಕಗಳು. ಲಾರ್ಡ್ ಎಜರ್ಟನ್ 1880ರಲ್ಲಿ ಪ್ರಕಟಿಸಿದ ಭಾರತೀಯ ಆಯುಧಗಳ ಸಚಿತ್ರ ಕೈಪಿಡಿಯು ಇಂದಿಗೂ ಈ ಕ್ಷೇತ್ರದ ಮೊದಲ ಮೆಟ್ಟಿಲು. ಅದರ ಹಾದಿಯಲ್ಲಿ ಬಂದ ಯಾದಿಗಳೆಲ್ಲ ಬಹುಮಟ್ಟಿಗೆ ಉದ್ದವನ್ನು ಬರೆದು ತೃಪ್ತರಾಗುವ ಪದ್ಧತಿಯವು. ಕಿಟೆಲರ 1894ರ ನಿಘಂಟು ಕತ್ತಿ, ಅಲಗು, ಸುರಗಿ, ಮಚ್ಚು ಎಂಬ ಹೆಸರುಗಳನ್ನು ನಮಗೆ ಕೊಡುತ್ತದೆ. ಹೆಸರಿನಿಂದ ದಪ್ಪ ತಿಳಿಯುವುದಿಲ್ಲ. ತಿಳಿದಿದ್ದವನು ಕುಲುಮೆಯ ಆಚಾರಿ ಒಬ್ಬನೇ. ಅವನು ಬರೆದಿಡಲಿಲ್ಲ.

ಆದುದರಿಂದ ಇತಿಹಾಸಕ್ಕೆ ಹೋಗುವ ಮೊದಲು ಸ್ವಲ್ಪ ಗಣಿತವನ್ನು ಸಹಿಸಬೇಕೆಂದು ವಾಚಕರನ್ನು ಬೇಡುತ್ತೇನೆ. ಬ್ಯಾಂಕಿನವನ ಕೈಯಲ್ಲಿ ಲೆಕ್ಕ ಬಂದರೆ ಅದು ಬಡ್ಡಿಯ ಲೆಕ್ಕವಾಗಿರಬೇಕೆಂದೇನೂ ಇಲ್ಲ.

ಅಲಗನ್ನು ದಪ್ಪ ಮಾಡಿದರೆ ತೂಕವು ದಪ್ಪದ ಪ್ರಮಾಣದಲ್ಲಿಯೇ ಹೆಚ್ಚುವುದು. ಬಾಗಿ ಮುರಿಯದೆ ತಡೆಯುವ ಬಲವು ದಪ್ಪದ ವರ್ಗದಂತೆ ಹೆಚ್ಚುವುದು. ಬಾಗದೆ ನಿಲ್ಲುವ ಬಿಗಿಯಾದರೋ ದಪ್ಪದ ಘನದಂತೆ ಹೆಚ್ಚುವುದು. 4 ಮಿಲಿಮೀಟರಿನ ಪಟ್ಟಿಯನ್ನು 6 ಮಿಲಿಮೀಟರಿಗೆ ಏರಿಸಿದರೆ ತೂಕ ಒಂದೂವರೆ ಪಟ್ಟು, ಬಲ ಎರಡೂಕಾಲು ಪಟ್ಟು, ಬಿಗಿ ಸುಮಾರು 3.4 ಪಟ್ಟು. ಇಷ್ಟನ್ನೇ ನೋಡಿದವನು ದಪ್ಪವೇ ಲಾಭವೆಂದು ಹೇಳುವನು. ಆದರೆ ಕತ್ತಿಯು ಬರಿಯ ಪಟ್ಟಿಯಲ್ಲ, ಬೆಣೆ. ಬೆನ್ನಿನಿಂದ ಬಾಯಿಯವರೆಗೆ ಒಂದೇ ಸಮನೆ ಇಳಿದುಬರುವ 40 ಮಿಲಿಮೀಟರ್ ಅಗಲದ ಅಲಗಿನಲ್ಲಿ ಬೆನ್ನು 4 ಮಿಲಿಮೀಟರ್ ಇದ್ದರೆ ಬೆಣೆಯ ಕೋನ ಸುಮಾರು 5.7 ಡಿಗ್ರಿ, ಬೆನ್ನನ್ನು 6ಕ್ಕೆ ಏರಿಸಿದರೆ 8.6 ಡಿಗ್ರಿ. ಕೋನ ಹೆಚ್ಚಿದಷ್ಟೂ ಕಡಿತವು ಆಳಕ್ಕೆ ಇಳಿಯುವುದು ಕಷ್ಟ. ಸೌದೆ ಸೀಳುವಾಗ ಈ ಕೋನವೇ ಸಹಾಯ, ಮರವನ್ನು ಎರಡು ಕಡೆಗೂ ಒತ್ತಿ ತೆರೆಯುವುದು ಅದೇ. ಹಸಿ ಕಾಂಡವನ್ನು ಅಡ್ಡಲಾಗಿ ಕಡಿಯುವಾಗ ಅದೇ ಶತ್ರು.

ಇಲ್ಲಿ ಆಚಾರಿಯು ಒಂದು ಉಪಾಯ ಮಾಡುತ್ತಾನೆ. ಬೆನ್ನನ್ನು 6 ಮಿಲಿಮೀಟರಿಗೆ ಏರಿಸಿ, ಅದರ ಜೊತೆಗೆ ಅಗಲವನ್ನೂ 60ಕ್ಕೆ ಏರಿಸಿದರೆ ಕೋನವು ಮರಳಿ 5.7 ಡಿಗ್ರಿಗೇ ಬಂದು ನಿಲ್ಲುವುದು. ಬಿಗಿ ಬಂದಿತು, ಹರಿತ ಹೋಗಲಿಲ್ಲ. ಆದರೆ ಈ ಸೌಲಭ್ಯಕ್ಕೆ ತೆರಬೇಕಾದ ಬೆಲೆ ತೂಕ. 250 ಮಿಲಿಮೀಟರ್ ಉದ್ದದ ಅಲಗಿನಲ್ಲಿ ಮೊದಲನೆಯದು ಸುಮಾರು 157 ಗ್ರಾಮ್ ತೂಗಿದರೆ ಎರಡನೆಯದು 353 ಗ್ರಾಮ್ ತೂಗುವುದು. ನಮ್ಮ ಮಲೆನಾಡಿನ ಮಚ್ಚು, ಕೊಡಗಿನ ಒಡಿಕತ್ತಿ ಇವೆಲ್ಲ ಅಗಲವಾಗಿರುವುದು ಭಯಂಕರವಾಗಿ ಕಾಣಲೆಂದಲ್ಲ. ಅಗಲವು ದಪ್ಪಕ್ಕೆ ಕೊಟ್ಟ ಬೆಲೆ. ಇದು ನನಗೆ ಹೊಳೆದ ದಿನ ನನ್ನ ಹಿಂದಿನ ವಾಕ್ಯದ ಒಂದು ಕಾಲು ಮುರಿಯಿತು: ಅಗಲವನ್ನು ಬಿಟ್ಟು ದಪ್ಪವೊಂದನ್ನೇ ನೋಡಿದರೆ ಕತ್ತಿಯ ಕೆಲಸ ತಿಳಿಯುವುದಿಲ್ಲ.

ಇದಕ್ಕಿಂತ ಮುಂಚೆಯೇ ಈ ಪಾಠವನ್ನು ನನಗೆ ಕಲಿಸಲು ಯತ್ನಿಸಿದವನೊಬ್ಬನಿದ್ದನು. ಕೆಲವು ವರ್ಷಗಳ ಹಿಂದೆ ರಜೆಯಲ್ಲಿ ಊರಿಗೆ ಹೋಗಿದ್ದಾಗ ಅಲ್ಲಿಯ ಕುಲುಮೆಯಲ್ಲಿ ತೋಟದ ಕೆಲಸಕ್ಕೆಂದು ಒಂದು ಕತ್ತಿ ಮಾಡಿಸಿದೆನು. ಎಂದೆಂದಿಗೂ ಮುರಿಯದ ಕತ್ತಿ ಬೇಕೆಂಬುದು ನನ್ನ ಹಠ. ‘ಆಚಾರ್ರೇ, ಬೆನ್ನು ಎಂಟು ಮಿಲಿಮೀಟರಿಗೆ ಕಡಿಮೆ ಇರಬಾರದು, ಅಗಲ ಜಾಸ್ತಿ ಬೇಡ, ಸೊಂಟಕ್ಕೆ ಸಿಕ್ಕಿಸುವ ಹಾಗಿರಲಿ’ ಎಂದೆನು. ಅವರು ತಿದಿಯನ್ನು ನಿಲ್ಲಿಸಿ ನನ್ನ ಮುಖ ನೋಡಿ, ‘ಕಡಿಯೋದಕ್ಕೆ ಬೇಕಾ ಅಯ್ಯಾ, ಹೊಡೆಯೋದಕ್ಕೆ ಬೇಕಾ?’ ಎಂದು ಕೇಳಿದರು. ನಾನು ಹಾಸ್ಯವೆಂದು ನಕ್ಕುಬಿಟ್ಟೆನು. ಹೇಳಿದಂತೆ ಮಾಡಿಕೊಟ್ಟರು. ಅದು ಇಂದಿಗೂ ಮುರಿದಿಲ್ಲ. ಏನನ್ನೂ ಕಡಿದೂ ಇಲ್ಲ. ನನ್ನ ತಮ್ಮ ಅದನ್ನು ಸೌದೆಯ ದಿಮ್ಮಿಯ ಬಿರುಕಿಗೆ ಇಟ್ಟು ಮೇಲಿನಿಂದ ಕೊಡತಿಯಲ್ಲಿ ಬಡಿದು ಬೆಣೆಯಾಗಿ ಉಪಯೋಗಿಸುತ್ತಿದ್ದಾನೆ; ಬೆಣೆಯಾಗಿ ಅದು ಬಹಳ ಚೆನ್ನಾಗಿದೆಯೆಂದು ಕಾಗದ ಬರೆದಿದ್ದಾನೆ.

ದಪ್ಪವನ್ನು ನಿರ್ಣಯಿಸುವಲ್ಲಿ ಕೆಲಸದಷ್ಟೇ ಮುಖ್ಯವಾದುದು ಲೋಹ. ಈ ಮಾತಿಗೆ ನಮ್ಮ ಮುಂಬಯಿಯ ಕಥೆಯೊಂದು ಸೇರಿಕೊಂಡಿದೆ. 1794ರಲ್ಲಿ ಮುಂಬಯಿಯಲ್ಲಿದ್ದ ವೈದ್ಯ ಹೆಲೆನಸ್ ಸ್ಕಾಟ್ ಎಂಬಾತನು ಲಂಡನ್ನಿನ ರಾಯಲ್ ಸೊಸೈಟಿಯ ಅಧ್ಯಕ್ಷರಾಗಿದ್ದ ಜೋಸೆಫ್ ಬ್ಯಾಂಕ್ಸ್ ಅವರಿಗೆ ಉಕ್ಕಿನ ಕೆಲವು ಬಿಲ್ಲೆಗಳನ್ನು ಕಳುಹಿಸಿದನು. ಅವುಗಳನ್ನು ಪರೀಕ್ಷಿಸಿ ಜಾರ್ಜ್ ಪಿಯರ್ಸನ್ 1795ರಲ್ಲಿ ಸೊಸೈಟಿಯ ಪತ್ರಿಕೆಯಲ್ಲಿ ಬರೆದ ಪ್ರಬಂಧದ ಶೀರ್ಷಿಕೆಯಲ್ಲಿಯೇ ಇದು ‘ಮುಂಬಯಿಯಲ್ಲಿ ತಯಾರಾಗುವ, ಅಲ್ಲಿ ವೂಟ್ಜ್ ಎಂದು ಕರೆಯಲ್ಪಡುವ’ ಉಕ್ಕು ಎಂದಿದೆ. ಮುಂಬಯಿಯಲ್ಲಿ ಅಂತಹ ಉಕ್ಕು ತಯಾರಾಗುತ್ತಿರಲಿಲ್ಲವೆಂಬುದು ಈಗ ಸರ್ವವಿದಿತ. ಅದು ದಕ್ಷಿಣದ ಒಳನಾಡಿನಿಂದ ಬಂದು ಇಲ್ಲಿಯ ಬಂದರಿನಲ್ಲಿ ಹೆಸರು ಪಡೆಯಿತು. ಆ ಹೆಸರಾದರೂ ನಮ್ಮ ‘ಉಕ್ಕು’ ಎಂಬ ಮಾತಿನ ಅಪಭ್ರಂಶವೆಂಬುದು ಬಹುಮಂದಿ ವಿದ್ವಾಂಸರು ಒಪ್ಪಿರುವ ವ್ಯುತ್ಪತ್ತಿ. ತೆಲುಗಿನಲ್ಲಿಯೂ ಅದೇ ಮಾತು ಇರುವುದರಿಂದ ಕನ್ನಡಿಗರು ಮಾತ್ರವೇ ಅದನ್ನು ತಮ್ಮದೆಂದು ಹಕ್ಕು ಸಾಧಿಸುವುದು ಉಚಿತವಲ್ಲ. ಹೈದರಾಬಾದಿನ ನಮ್ಮ ಮಿತ್ರರು ಕೋನಸಮುದ್ರದ ಹೆಸರನ್ನು ಕೂಡಲೇ ಎತ್ತುವರು, ಅದು ನ್ಯಾಯವೂ ಹೌದು. ಅಂತೂ ದೂರದ ಈ ಕಡಲತೀರದಿಂದ, ಕನ್ನಡ ಮಾತಾಡುವವರೂ ಉಚ್ಚರಿಸುತ್ತಿದ್ದ ಒಂದು ಶಬ್ದವು ವಿಕಾರಗೊಂಡು ವಿಲಾಯತಿಗೆ ಹೋಗಿ ವಿಜ್ಞಾನದ ಪಾರಿಭಾಷಿಕವಾಯಿತು. ವಲಸೆ ಬಂದವರ ಮಾತಿಗೆ ಹೀಗೂ ಆಗುವುದುಂಟು.

ಆ ಉಕ್ಕಿನ ತಯಾರಿಕೆಯನ್ನು ಕಣ್ಣಾರೆ ಕಂಡು ಬರೆದವರಲ್ಲಿ ಫ್ರಾನ್ಸಿಸ್ ಬುಕಾನನ್ ಮುಖ್ಯನು. ಟಿಪ್ಪುಸುಲ್ತಾನನ ಪತನದ ತರುವಾಯ 1800-01ರಲ್ಲಿ ಮೈಸೂರು, ಕನ್ನಡ ಜಿಲ್ಲೆ, ಮಲಬಾರು ಸೀಮೆಗಳಲ್ಲಿ ಸಂಚರಿಸಿ ಅವನು ಬರೆದ ಗ್ರಂಥವು 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಹೊರಬಂದಿತು. ಮಧುಗಿರಿ, ಚನ್ನರಾಯನದುರ್ಗದ ಕಡೆ ಕಬ್ಬಿಣದ ತುಂಡನ್ನು ತಂಗಡಿ ಗಿಡದ ಕಾಂಡ, ಹಸಿ ಎಲೆಗಳು ಇವುಗಳೊಡನೆ ಮಣ್ಣಿನ ಮೂಸೆಯಲ್ಲಿಟ್ಟು, ಬಾಯಿ ಮುಚ್ಚಿ, ತಿದಿಯೂದಿ ಕರಗಿಸುವ ಕ್ರಮವನ್ನು ಅವನು ವಿವರಿಸಿದ್ದಾನೆ. ಗಿಡದಿಂದ ಬಂದ ಇಂಗಾಲವು ಕಬ್ಬಿಣವನ್ನು ಹೊಕ್ಕು ಉಕ್ಕಾಗುವುದು. ಇಂತಹ ಮೂಸೆಯುಕ್ಕಿನಲ್ಲಿ ಇಂಗಾಲದ ಅಂಶ ಸಾಮಾನ್ಯವಾಗಿ ನೂರಕ್ಕೆ ಒಂದೂವರೆಯ ಆಸುಪಾಸಿನಲ್ಲಿರುವುದೆಂದು ಇಂದಿನ ಪರೀಕ್ಷೆಗಳು ತೋರಿಸಿವೆ. ಇದು ಬಹಳ ಹೆಚ್ಚು. ಅದರ ಗುಣವೂ ದೋಷವೂ ಇದರಿಂದಲೇ: ಕಾಠಿಣ್ಯ, ಹರಿತವನ್ನು ಉಳಿಸಿಕೊಳ್ಳುವ ಶಕ್ತಿ ಅಪಾರ, ಪೆಟ್ಟು ತಡೆಯುವ ಶಕ್ತಿ ಕಡಿಮೆ. ಯೂರೋಪಿನ ಕಮ್ಮಾರರು ತಮ್ಮ ರೂಢಿಯಂತೆ ಬಿಳಿಗೆಂಪಿಗೆ ಕಾಸಿ ಬಡಿದಾಗ ಅದು ಪುಡಿಪುಡಿಯಾಗುತ್ತಿತ್ತು. ಇಲ್ಲಿಯವರು ಮಂದವಾದ ಕೆಂಪಿನಲ್ಲಿಯೇ ಸಾವಕಾಶವಾಗಿ ಬಡಿಯುತ್ತಿದ್ದರು. ಲಂಡನ್ನಿನ ಚಾಕುಗಾರ ಜೇಮ್ಸ್ ಸ್ಟೊಡಾರ್ಟ್ ಈ ಉಕ್ಕಿಗೆ ಮರುಳಾಗಿ ಅದರಿಂದ ಸಣ್ಣ ಹರಿತದ ಅಲಗುಗಳನ್ನು ಮಾಡಿದನು, ಮುಂದೆ ಮೈಕೇಲ್ ಫ್ಯಾರಡೆಯೊಡನೆ ಸೇರಿ ಉಕ್ಕಿನ ಮಿಶ್ರಲೋಹಗಳ ಮೇಲೆ ಪ್ರಯೋಗಗಳನ್ನೂ ನಡೆಸಿದನು. ಅವನು ಮೊದಲು ಮಾಡಿದ್ದು ಲೇಖನಿ ಕೆತ್ತುವ ಚಾಕು ಎಂಬುದನ್ನು ಮರೆಯಬಾರದು. ಸೌದೆ ಕಡಿಯುವ ಕತ್ತಿಯಲ್ಲ.

ಹಾಗಾದರೆ ಇಂತಹ ಪೆಡಸು ಉಕ್ಕಿನಿಂದ ಬಲವಾದ ಪೆಟ್ಟಿಗೆ ಒಡ್ಡುವ ಕತ್ತಿಯನ್ನು ಮಾಡುವುದು ಹೇಗೆ? ಇಡೀ ಅಲಗನ್ನು ಅದರಲ್ಲಿಯೇ ಮಾಡುವುದಾದರೆ ದಪ್ಪ ಮಾಡಲೇಬೇಕು. ಆದರೆ ಪಿಯರ್ಸನ್‌ಗೆ ಬಂದಂತಹ ಒಂದು ಬಿಲ್ಲೆಯ ತೂಕ ಸುಮಾರು ಎರಡು ಪೌಂಡು, ಎಂದರೆ ಒಂದು ಕಿಲೋಗ್ರಾಮಿಗೂ ಕಡಿಮೆ. ಬಡಿಯುವಾಗ ಅದರಲ್ಲಿ ಒಂದು ಪಾಲು ಹೊಟ್ಟಾಗಿ ಉದುರಿಹೋಗುವುದು. ಒಂದು ಬಿಲ್ಲೆಯಿಂದ ತೆಳುವಾದ ಒಂದು ಖಡ್ಗದ ಅಲಗು ಬರಬಹುದು. ದಪ್ಪ ಬೆನ್ನಿನ ಅಗಲವಾದ ಮಚ್ಚು ಬಂದರೆ ಅದು ಮೊಳದುದ್ದವೂ ಇರದು. ಬೆಲೆಯುಳ್ಳ ಲೋಹವನ್ನು ಬೆನ್ನಿನಲ್ಲಿ ಹೂತಿಡುವುದು ಯಾವ ಲೆಕ್ಕಕ್ಕೂ ಹೊಂದದ ವ್ಯಯ. ಆದುದರಿಂದ ಹಳ್ಳಿಯ ಕಮ್ಮಾರನು ಮೈಯನ್ನು ಮೆದು ಕಬ್ಬಿಣದಲ್ಲಿ ಮಾಡಿ, ಬಾಯಿಗೆ ಮಾತ್ರ ಉಕ್ಕನ್ನು ಕೂಡಿಸಿ ಬೆಸೆಯುತ್ತಿದ್ದನು. ಮೆದು ಕಬ್ಬಿಣ ಮುರಿಯುವುದಿಲ್ಲ, ಬಾಗುವುದು. ಬಾಗದಂತೆ ಇರಬೇಕಾದರೆ ಅದನ್ನು ದಪ್ಪವಾಗಿ ಬಿಡಬೇಕು. ನಮ್ಮ ಹಳೆಯ ಕೃಷಿಗತ್ತಿಗಳ ಬೆನ್ನು ದಪ್ಪವಾಗಿರುವುದಕ್ಕೆ ಕಾರಣ ಇಲ್ಲಿದೆ ಎಂದು ನನಗೆ ತೋರುತ್ತದೆ. ಅದು ಶೌರ್ಯದ ಗುರುತಲ್ಲ, ಅಗ್ಗದ ಲೋಹದ ಗುರುತು. ನನ್ನ ವಾಕ್ಯದ ಎರಡನೆಯ ಕಾಲೂ ಹೀಗೆ ಹೋಯಿತು: ಬೇಸಾಯದ ಕತ್ತಿಯೇ ದಪ್ಪ, ಯುದ್ಧದ ಖಡ್ಗವೇ ತೆಳು ಎಂದು ತಿರುಗಿಸಿ ಹೇಳಿದ್ದರೂ ಅಷ್ಟು ತಪ್ಪಾಗುತ್ತಿರಲಿಲ್ಲ.

ಯುದ್ಧದ ಆಯುಧಗಳನ್ನು ಮಾಡಿದವರು ದಪ್ಪವನ್ನು ತಪ್ಪಿಸಿಕೊಳ್ಳಲು ಎಷ್ಟೊಂದು ಬಗೆಯ ಜಾಣ್ಮೆ ತೋರಿದ್ದಾರೆಂಬುದನ್ನು ನೋಡಿದರೆ ಈ ಮಾತು ಇನ್ನೂ ಸ್ಪಷ್ಟವಾಗುವುದು. ಪರ್ಷಿಯ, ಆಫ್ಘಾನಿಸ್ತಾನ, ಉತ್ತರ ಭಾರತಗಳ ಪೇಶ್‌ಕಬ್ಜ್ ಎಂಬ ಬಾಕುವಿನಲ್ಲಿ ಅಲಗು ಬಹಳ ತೆಳು; ಆದರೆ ಬೆನ್ನಿನ ಮೇಲೆ ಅಡ್ಡಲಾಗಿ ಒಂದು ಪಟ್ಟಿ ಕೂಡಿಕೊಂಡು, ಅಡ್ಡಕೊಯ್ತದಲ್ಲಿ ರೈಲ್ವೆ ಕಂಬಿಯ ತಲೆಯಂತೆ ಕಾಣುವುದು. ಕವಚದ ಬಳೆಗಳ ನಡುವೆ ಚುಚ್ಚುವಾಗ ಬಾಗದಿರಲು ಆ ತಲೆ, ಮಾಂಸದಲ್ಲಿ ಇಳಿಯಲು ಆ ತೆಳುವು. ಖಂಡೆಯದ ಅಲಗು ಅಗಲ, ತೆಳು. ಅದರ ಅಂಚುಗಳ ಮೇಲೆ ಕಸೂತಿಯ ಅಂಚಿನಂತೆ ಬಲಪಟ್ಟಿಗಳನ್ನು ಹೊದಿಸಿರುವರು. ಹದಿನಾರು ಹದಿನೇಳನೆಯ ಶತಮಾನಗಳಲ್ಲಿ ಪಶ್ಚಿಮ ತೀರದ ಬಂದರುಗಳ ಮೂಲಕ ಯೂರೋಪಿನ ಅಲಗುಗಳು ದಖ್ಖನಿಗೆ ಬಂದಾಗ ಅವುಗಳಿಗೆ ಇಲ್ಲಿಯ ಹಿಡಿಯನ್ನು ತೊಡಿಸಿ ‘ಫಿರಂಗಿ’ ಎಂದು ಹೆಸರಿಟ್ಟರು. ಆ ತೆಳುವಾದ ಅಲಗುಗಳಿಗೂ ಹಿಡಿಯ ಬಳಿ ಎರಡು ಕಡೆ ತಗಡುಗಳ ಆಸರೆಯುಂಟು. ಕಠಾರಿಗಳಲ್ಲಿ ಹಲವಕ್ಕೆ ತುದಿಯನ್ನು ಮಾತ್ರ ದಪ್ಪ ಮಾಡಿರುವರು, ಮಿಕ್ಕ ಮೈ ತೆಳು. ಎಲ್ಲಿ ಬೇಕೋ ಅಲ್ಲಿ ಮಾತ್ರ ಲೋಹ.

ಇನ್ನು ಕೊಡಗಿನ ವಿಷಯ. ಕೆಲಸದ ನಿಮಿತ್ತ ಮೂರು ವರ್ಷಗಳ ಕಾಲ ಆ ಜಿಲ್ಲೆಯಲ್ಲಿರುವ ಭಾಗ್ಯ ನನಗೆ ಒದಗಿತ್ತು. ಕೊಡವರ ಉಡುಪಿನಲ್ಲಿ ಎರಡು ಕತ್ತಿಗಳುಂಟೆಂಬುದು ವಾಚಕರೆಲ್ಲರಿಗೂ ಗೊತ್ತಿದೆ. ಕುಪ್ಪಸದ ಮೇಲೆ ಬಿಗಿದ ಚೇಲೆಯ ಮುಂಭಾಗದಲ್ಲಿ ಬೆಳ್ಳಿಯ ಸರಪಣಿಯೊಡನೆ ಸಿಕ್ಕಿಸುವುದು ಪೀಚೆಕತ್ತಿ. ಬೆನ್ನ ಹಿಂದೆ ತೊಡಂಗ್ ಎಂಬ ಹಿತ್ತಾಳೆಯ ಕೊಂಡಿಗೆ ಒರೆಯಿಲ್ಲದೆ ತೂಗುಹಾಕುವುದು ಒಡಿಕತ್ತಿ. ಒಡಿಕತ್ತಿಯ ಕುತ್ತಿಗೆ ಕಿರಿದು, ಮುಂಭಾಗ ಅಗಲ, ಬಾಯಿ ಒಳಬಾಗಿನ ಕಡೆ. ಕುತ್ತಿಗೆ ಕಿರಿದಾಗಿ ಮುಂದೆ ಅಗಲವಾದ ಅಲಗನ್ನು ಸಾಮಾನ್ಯ ಒರೆಗೆ ಹೊಗಿಸಿ ತೆಗೆಯುವುದು ಸಾಧ್ಯವಿಲ್ಲ. ತೊಡಂಗಿನ ಹುಟ್ಟಿಗೆ ಇದೇ ಕಾರಣವಿರಬೇಕು. 1870ರಲ್ಲಿ ಮಂಗಳೂರಿನಿಂದ ಪ್ರಕಟವಾದ ರಿಕ್ಟರನ ಕೊಡಗಿನ ಕೈಪಿಡಿಯನ್ನು ಓದಿಕೊಂಡು ಹೋಗಿದ್ದ ನನಗೆ ಒಡಿಕತ್ತಿಯೆಂದರೆ ಯುದ್ಧದ ಕತ್ತಿ, ಆದುದರಿಂದ ದಪ್ಪ ಎಂಬ ಭಾವನೆ ಬೇರೂರಿತ್ತು.

ಆದರೆ ಅಲ್ಲಿಯ ಮನೆಯೊಂದರಲ್ಲಿ ಕೈಗೆ ತೆಗೆದುಕೊಂಡು ನೋಡಲು ಕೊಟ್ಟ ಕತ್ತಿಯ ಬೆನ್ನು ಕುತ್ತಿಗೆಯ ಬಳಿ ಮಾತ್ರ ದಪ್ಪವಾಗಿದ್ದು, ಅಲಗು ಅಗಲವಾಗುತ್ತ ಹೋದಂತೆ ತೆಳುವಾಗುತ್ತ ಹೋಗಿತ್ತು. ಬೀಸಿದಾಗ ಒತ್ತಡವೆಲ್ಲ ಬೀಳುವುದು ಹಿಡಿಯ ಹತ್ತಿರದ ಕುತ್ತಿಗೆಯ ಮೇಲೆ. ಅಲ್ಲಿ ದಪ್ಪ ಬೇಕು. ಕಡಿಯುವುದು ಮುಂದಿನ ಅಗಲವಾದ ಭಾಗ, ಅಲ್ಲಿ ತೆಳುವಿರಬೇಕು. ಒಂದೇ ಅಲಗಿನಲ್ಲಿ ದಪ್ಪವೂ ತೆಳುವೂ ತಮ್ಮ ತಮ್ಮ ಸ್ಥಾನಗಳಲ್ಲಿದ್ದುವು. ‘ದಪ್ಪ ಕತ್ತಿ’ ಎಂದು ಅದನ್ನು ಕರೆಯುವುದೂ ತಪ್ಪು, ‘ತೆಳು ಕತ್ತಿ’ ಎನ್ನುವುದೂ ತಪ್ಪು.

ಆ ಮನೆಯ ಹಿರಿಯರೊಡನೆ ನಡೆದ ಮಾತು ನನಗೆ ಚೆನ್ನಾಗಿ ನೆನಪಿದೆ. ಕೊಡವರ ಮದುವೆಯಲ್ಲಿ ಬಾಳೆಯ ದಿಂಡುಗಳನ್ನು ನಿಲ್ಲಿಸಿ ಒಡಿಕತ್ತಿಯಿಂದ ಒಂದೊಂದೇ ಏಟಿಗೆ ಕಡಿಯುವ ಪದ್ಧತಿಯುಂಟು. ‘ಇದು ಯುದ್ಧದ ನೆನಪಿಗಲ್ಲವೇ?’ ಎಂದು ನಾನು ಕೇಳಿದೆನು. ಅವರು, ‘ನೆನಪು ಇರಲಿ ಸಾರ್. ಕತ್ತಿ ದಪ್ಪ ಇದ್ದರೆ ಬಾಳೆ ಅರ್ಧಕ್ಕೇ ಹಿಡ್ಕೊಂಡುಬಿಡ್ತದೆ. ನೆಂಟರ ಎದುರಿಗೆ ಮಾನ ಹೋಗ್ತದೆ’ ಎಂದರು. ಬಾಳೆಯ ದಿಂಡು ಮೆದುವಾದರೂ ನೀರು ತುಂಬಿದ ಪದರಗಳ ದಪ್ಪನೆಯ ಕಾಂಡ. ಬೆಣೆಯ ಕೋನ ಹೆಚ್ಚಾದರೆ ಎರಡು ಬದಿಯ ಪದರಗಳೂ ಅಲಗನ್ನು ಅಪ್ಪಿಕೊಳ್ಳುವುವು. ಮದುವೆಯ ಚಪ್ಪರವೇ ಅಲಗಿನ ಮುಂಭಾಗದ ದಪ್ಪಕ್ಕೆ ಪರೀಕ್ಷಾಗಾರವಾಗಿದೆಯೆಂದು ನಾನೆಂದೂ ಯೋಚಿಸಿರಲಿಲ್ಲ.

ಸೆಪ್ಟೆಂಬರ್ ಮೊದಲಲ್ಲಿ ನಾಟಿಯ ಕೆಲಸ ಮುಗಿದ ಮೇಲೆ ಬರುವ ಕೈಲ್‌ಪೊಳ್ದ್ ಹಬ್ಬವೂ ನನ್ನ ವರ್ಗೀಕರಣಕ್ಕೆ ಅನುಕೂಲವಾಗಿಲ್ಲ. ಅಂದು ಕೋವಿ, ಒಡಿಕತ್ತಿ, ಪೀಚೆಕತ್ತಿಗಳಿಗೆ ಕೋವಿಹೂವನ್ನು ಮುಡಿಸಿ ಪೂಜಿಸುವರು. ನೇಗಿಲು ನೊಗಗಳಿಗೂ ಅಂದೇ ಪೂಜೆ. ಯುದ್ಧದ್ದು ಬೇರೆ, ಬೇಸಾಯದ್ದು ಬೇರೆ ಎಂಬ ಗೆರೆಯನ್ನು ಆ ಮನೆಗಳು ಎಳೆದಿಲ್ಲ. ಎಳೆದವನು ಮುಂಬಯಿಯಲ್ಲಿ ಕುಳಿತು ಬರೆದ ನಾನು.

ಇಲ್ಲಿ ಇತಿಹಾಸದ ಇನ್ನೊಂದು ತೊಡಕನ್ನು ಹೇಳಬೇಕು. 1857ರ ನಂತರ ಬ್ರಿಟಿಷ್ ಸರಕಾರವು ದೇಶದಲ್ಲಿ ನಿಶ್ಶಸ್ತ್ರೀಕರಣವನ್ನು ಜಾರಿಗೆ ತಂದಾಗ ಕೊಡಗಿನ ಚೀಫ್ ಕಮಿಷನರಾಗಿದ್ದ ಮಾರ್ಕ್ ಕಬ್ಬನ್ 1861ರಲ್ಲಿ ಕೊಡವರಿಗೆ ಅದರಿಂದ ವಿನಾಯಿತಿ ಕೊಟ್ಟನು. ಆ ವಿನಾಯಿತಿಯು ಬೇರೆ ಬೇರೆ ರೂಪಗಳಲ್ಲಿ ಇಂದಿಗೂ ನಡೆದುಬಂದಿದೆ. 2021ರಲ್ಲಿ ಕರ್ನಾಟಕದ ಉಚ್ಚ ನ್ಯಾಯಾಲಯವು ಅದನ್ನು ಎತ್ತಿಹಿಡಿಯಿತು. ಹೀಗಾಗಿ ಕೊಡಗಿನ ಮನೆಗಳಲ್ಲಿ ಕತ್ತಿಗಳು ಉಳಿದುವು. ಬೇರೆಡೆ ಆದುದೇನೆಂಬುದಕ್ಕೆ ತಂಜಾವೂರಿನ ಅರಮನೆಯ ಆಯುಧಶಾಲೆ ಸಾಕ್ಷಿ. 1860ರ ದಶಕದಲ್ಲಿ ಅದು ಚದುರಿಹೋಗಿ ಬಹುಪಾಲು ಹಳೆಯ ಲೋಹದ ಲೆಕ್ಕಕ್ಕೆ ಸೇರಿತು; ಆರಿಸಿದ ಕೆಲವು ಮಾತ್ರ ಮದರಾಸಿನ ವಸ್ತುಸಂಗ್ರಹಾಲಯಕ್ಕೆ ಬಂದುವು. ಆರಿಸಿದ ವಾಲ್‌ಹೌಸ್ ಎಂಬ ಅಧಿಕಾರಿಯೇ ಅದನ್ನು 1878ರಲ್ಲಿ, ಮುಂಬಯಿಯಿಂದ ಹೊರಡುತ್ತಿದ್ದ ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಬರೆದಿದ್ದಾನೆ. ಆರಿಸುವವನ ಕಣ್ಣು ಹಿಡಿಯ ಅಲಂಕಾರದ ಮೇಲೆ ಬೀಳುವುದು ಸಹಜ.

ಬೇಸಾಯದ ಕತ್ತಿಗಳ ಗತಿ ಇದಕ್ಕೂ ಬೇರೆ. ಅವುಗಳನ್ನು ಯಾರೂ ಕಸಿದುಕೊಳ್ಳಲಿಲ್ಲ, ಅವು ಸವೆದುಹೋದುವು. ಮೇಲೆ ಹೇಳಿದ 60 ಮಿಲಿಮೀಟರ್ ಅಗಲ, 6 ಮಿಲಿಮೀಟರ್ ಬೆನ್ನಿನ ಮಚ್ಚು ಮಸೆದು ಮಸೆದು 20 ಮಿಲಿಮೀಟರ್ ಸವೆಯಿತೆನ್ನೋಣ. ಆಗ ಬಾಯಿ ಬಂದು ನಿಲ್ಲುವ ಕಡೆಯಲ್ಲಿ ಲೋಹದ ದಪ್ಪ 2 ಮಿಲಿಮೀಟರ್. ಮಸೆಗಲ್ಲಿಗೆ ಅದು ಬಗ್ಗದು. ಕುಲುಮೆಗೆ ಒಯ್ದು ಕಾಸಿ ಹಣಿಸಬೇಕು. ಹಣಿಸಿದಾಗ ಬೆನ್ನಿನ ಲೋಹವೇ ಬಾಯಿಗೆ ಹರಿದು ಬೆನ್ನು ತೆಳುವಾಗುವುದು. ಎರಡು ಮೂರು ಸಲ ಹಣಿಸಿದ ಮೇಲೆ ಅದು ಹುಲ್ಲುಗತ್ತಿಯಾಗುವುದು, ಕೊನೆಗೆ ಈಳಿಗೆಯ ಅಲಗೋ ಮೊಳೆಯೋ ಆಗುವುದು. ಹಾಗಾದರೆ ನಮಗೆ ದೊರೆಯುವ ಹಳೆಯ ಬೇಸಾಯದ ಕತ್ತಿಗಳು ತೆಳುವಾಗಿವೆ ಎಂದರೆ ಅವು ಹುಟ್ಟಿದಾಗಿನ ದಪ್ಪವಲ್ಲ, ಸಾಯುವಾಗಿನ ದಪ್ಪ. ಪೂಜೆಯ ಕೋಣೆಯಲ್ಲಿ ವರ್ಷಕ್ಕೊಮ್ಮೆ ಹೊರಬರುವ ಕತ್ತಿಯನ್ನೂ ದಿನಕ್ಕೆ ಹತ್ತು ಹೊರೆ ಸೌದೆ ಕಡಿದ ಮಚ್ಚನ್ನೂ ಪಕ್ಕಪಕ್ಕದಲ್ಲಿಟ್ಟು ನಾನು ತೀರ್ಪು ಕೊಟ್ಟಿದ್ದೆನು. ಸಾಲಗಾರನ ಹಳೆಯ ಬಾಕಿಯನ್ನೂ ಹೊಸ ಠೇವಣಿಯನ್ನೂ ಒಂದೇ ಸಾಲಿನಲ್ಲಿ ಬರೆದ ಗುಮಾಸ್ತನನ್ನು ನಾನಾಗಿದ್ದರೆ ಕರೆಸಿ ಕೇಳುತ್ತಿದ್ದೆನು.

ಇತ್ತೀಚಿನ ಕಾಲದ ಒಂದು ಉದಾಹರಣೆಯೂ ಇದಕ್ಕೆ ಪೋಷಕವಾಗಿದೆ. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ಮರೀನ್ ಪಡೆಯ ರೇಡರ್ ತುಕಡಿಗಳಿಗೆ ತಿವಿಯುವುದಕ್ಕೆಂದೇ ಮಾಡಿದ ಸಪುರವಾದ ಇಬ್ಬಾಯಿ ಚೂರಿಯನ್ನು ಕೊಟ್ಟರು. ಸೈನಿಕನಿಗೆ ತಿವಿಯುವ ಸಂದರ್ಭ ವಿರಳ. ಡಬ್ಬಿ ತೆರೆಯುವುದು, ಗೂಟ ಕೆತ್ತುವುದು, ಪೆಟ್ಟಿಗೆ ಮೀಟುವುದು ದಿನನಿತ್ಯ. ಆ ಚೂರಿ ಇಂತಹ ಕೆಲಸಗಳಿಗೆ ಬಾರದೆಂದು ದೂರುಗಳು ಬಂದುವು. 1942ರ ನವೆಂಬರಿನಲ್ಲಿ ಅಂಗೀಕೃತವಾಗಿ ಮುಂದೆ ‘ಕಾ-ಬಾರ್’ ಎಂದು ಖ್ಯಾತವಾದ ಕತ್ತಿಯ ಅಲಗು 7 ಅಂಗುಲ ಉದ್ದ, ಬೆನ್ನು ಸುಮಾರು 4 ಮಿಲಿಮೀಟರ್. ಅದೇ ವರ್ಷದ ಸೈನ್ಯದ ಮಚ್ಚು 18 ಅಂಗುಲ ಉದ್ದದ ಅಲಗು, ದಪ್ಪ ಮಾತ್ರ ಅಂಗುಲದ ಎಂಟನೆಯ ಒಂದು ಪಾಲು, ಎಂದರೆ 3 ಮಿಲಿಮೀಟರಿಗೆ ಸ್ವಲ್ಪ ಹೆಚ್ಚು. ಕಾಡಿನ ಬಳ್ಳಿ ಪೊದೆಗಳನ್ನು ಸವರುವುದಕ್ಕೆ ವೇಗ ಬೇಕು. ಬಾಗಿದರೂ ಮತ್ತೆ ನೆಟ್ಟಗಾಗುವ ತೆಳು ಅಲಗೇ ಅದಕ್ಕೆ ತಕ್ಕುದು. ಗೂರ್ಖರ ಖುಕುರಿಗಳಲ್ಲಿ ಹಲವಕ್ಕೆ 8ರಿಂದ 10 ಮಿಲಿಮೀಟರ್ ಬೆನ್ನಿರುವುದಾದರೆ ಅದು ಗುಡ್ಡಗಾಡಿನ ಸೌದೆಯ ಕೆಲಸವನ್ನೂ ಮಾಡಬೇಕು, ಚಿಕ್ಕದಾದುದರಿಂದ ತೂಕವನ್ನು ದಪ್ಪದಿಂದಲೇ ಪಡೆಯಬೇಕು. ಉದ್ದ, ಅಗಲ, ದಪ್ಪ ಮೂರೂ ಒಂದೇ ಖಾತೆಯ ಬಾಬುಗಳು. ಒಂದರಲ್ಲಿ ತೆಗೆದರೆ ಇನ್ನೊಂದರಲ್ಲಿ ಕಟ್ಟಬೇಕು.

ಈಗ ನಮ್ಮ ಊರುಗಳ ಕುಲುಮೆಗಳಲ್ಲಿ ಮೂಸೆಯುಕ್ಕೂ ಇಲ್ಲ, ಮೆದು ಕಬ್ಬಿಣವೂ ಇಲ್ಲ. ಲಾರಿಯ ಹಳೆಯ ಸ್ಪ್ರಿಂಗ್ ಪಟ್ಟಿಯೇ ಕತ್ತಿಯ ತಾಯಿ. ಅದರಲ್ಲಿ ಇಂಗಾಲವು ನೂರಕ್ಕೆ ಅರ್ಧಕ್ಕಿಂತ ತುಸು ಹೆಚ್ಚು. ಬಾಗಿ ಹಿಂದಿರುಗುವುದೇ ಅದರ ಹುಟ್ಟುಗುಣ. ಹಿಂದೆ ಮೆದು ಕಬ್ಬಿಣಕ್ಕೆ ಬೇಕಾಗುತ್ತಿದ್ದಷ್ಟು ದಪ್ಪ ಇದಕ್ಕೆ ಬೇಕಿಲ್ಲ. ಆದರೂ ಹಳೆಯ ಕಣ್ಣಳತೆಯಂತೆಯೇ ಬೆನ್ನು ಬಿಡುವ ಆಚಾರಿಗಳೂ ಇದ್ದಾರೆ, ಪಟ್ಟಿಯ ದಪ್ಪವನ್ನು ಇಳಿಸುವ ಶ್ರಮವನ್ನು ಉಳಿಸಿಕೊಳ್ಳಲು ಹಾಗೆಯೇ ಬಿಡುವವರೂ ಇದ್ದಾರೆ. ಮುಂದಿನ ಸಂಶೋಧಕನು ಈ ಕತ್ತಿಗಳನ್ನು ಅಳೆದು ಏನೆಂದು ಊಹಿಸುವನೋ ಎಂದು ನೆನೆದರೆ ನಗು ಬರುವುದು.

ಮಾಟುಂಗಾದ ಹಿರಿಯರು ನನ್ನಲ್ಲಿ ಒಂದು ವರ್ನಿಯರ್ ಕ್ಯಾಲಿಪರನ್ನು ಎರವಲಾಗಿ ಬಿಟ್ಟುಹೋಗಿದ್ದಾರೆ. ಊರಿನಿಂದ ತರಿಸಿದ ನಮ್ಮ ತಂದೆಯವರ ಕಾಲದ ಮಚ್ಚನ್ನು ಅದರಿಂದ ಅಳೆದೆನು: ಹಿಡಿಯ ಬಳಿ ಬೆನ್ನು 6 ಮಿಲಿಮೀಟರ್, ನಡುವೆ 5, ತುದಿಯ ಬಳಿ 3. ಅದು ಎಷ್ಟು ಸಲ ಹಣಿಸಿದ್ದೆಂದು ಹೇಳಬಲ್ಲವರು ಈಗ ಯಾರೂ ಇಲ್ಲ. ಇಂತಹ ಅಳತೆಗಳು ನೂರಾರು ಕೂಡಿದ ಮೇಲೆಯೇ ಈ ವಿಷಯದಲ್ಲಿ ಏನನ್ನಾದರೂ ಹೇಳಬಹುದು. ಆದುದರಿಂದ ಹೈದರಾಬಾದಿನಲ್ಲಿ ಸಾಲಾರ್‌ಜಂಗ್ ವಸ್ತುಸಂಗ್ರಹಾಲಯಕ್ಕೆ, ಚೆನ್ನೈಯಲ್ಲಿ ಎಗ್ಮೋರಿನ ಸಂಗ್ರಹಕ್ಕೆ, ದೆಹಲಿಯಲ್ಲಿ ರಾಷ್ಟ್ರೀಯ ವಸ್ತುಸಂಗ್ರಹಾಲಯಕ್ಕೆ ಹತ್ತಿರದಲ್ಲಿರುವ ಸದಸ್ಯರು ಅಧಿಕಾರಿಗಳ ಅನುಮತಿ ಪಡೆದು, ಹಾಗೂ ಊರಿನಲ್ಲಿ ಹಳೆಯ ಮಚ್ಚು ಕತ್ತಿಗಳಿರುವ ಎಲ್ಲ ಸದಸ್ಯರೂ ತಮ್ಮ ಮನೆಗಳಲ್ಲಿ, ಅಲಗಿನ ದಪ್ಪವನ್ನು ನಾಲ್ಕು ಕಡೆ ಅಳೆದು ಕಳುಹಿಸಬೇಕೆಂದು ಪ್ರಾರ್ಥಿಸುತ್ತೇನೆ: ಬೆನ್ನಿನ ಮೇಲೆ ಹಿಡಿಯ ಬಳಿ, ನಡುವೆ, ತುದಿಯಿಂದ ಎರಡು ಬೆರಳು ಹಿಂದೆ, ಮತ್ತು ಬಾಯಿಯಿಂದ ಒಂದು ಬೆರಳು ಮೇಲೆ. ಜೊತೆಗೆ ಅಗಲವನ್ನು ಮರೆಯದೆ ಬರೆಯಬೇಕು. ಕತ್ತಿಯನ್ನು ಹಣಿಸಿದ್ದುಂಟೇ ಎಂಬುದನ್ನು ಮನೆಯ ಹಿರಿಯರನ್ನು ಕೇಳಿ ಬರೆದರೆ ಇನ್ನೂ ಒಳ್ಳೆಯದು. ಅವರನ್ನು ಬೇಗ ಕೇಳಬೇಕು.